ಕಾಡು ಯಾರದು?

1788ರಲ್ಲಿ ಇಂಗ್ಲಿಷರು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಅಲ್ಲಿ ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಇದ್ದರು. ಆದರೂ ಇದು ಯಾರದ್ದೂ ಅಲ್ಲದ ನೆಲ ಅಂತ ಹೇಳಿ, ಕುರಿ ಮೇಯಿಸಲು ಹಿಡಿದುಕೊಂಡರು. ನೀರು, ಬೇಟೆ ಕೈತಪ್ಪಿದಾಗ ಜಗಳ ಹುಟ್ಟಿತು. 1838ರಲ್ಲಿ ಮಯಾಲ್ ಕ್ರೀಕ್ ಎಂಬಲ್ಲಿ ಸುಮಾರು 28 ಮೂಲನಿವಾಸಿಗಳನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಕೊಂದವರಲ್ಲಿ 7 ಜನರಿಗೆ ಗಲ್ಲಾಯಿತು. ಆದರೆ ನೆಲ ಹಿಂದಕ್ಕೆ ಬರಲಿಲ್ಲ. ‘ಯಾರದ್ದೂ ಅಲ್ಲದ ನೆಲ’ ಎಂಬ ಮಾತೇ ತಪ್ಪು ಅಂತ ಅಲ್ಲಿಯ ಹೈಕೋರ್ಟು ಹೇಳಿದ್ದು 1992ರಲ್ಲಿ!

ಇದು ದೂರದ ಕಥೆ ಅನ್ನಬೇಡಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಮೂಲನಿವಾಸಿಗಳು ಸೋಲಿಗರು. ರಂಗನಾಥಸ್ವಾಮಿ ಸೋಲಿಗರ ಹೆಣ್ಣನ್ನು ಮದುವೆಯಾದನಂತೆ, ಅದಕ್ಕೇ ಅವರು ದೇವರನ್ನು ಭಾವ ಅಂತಾರೆ. ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರು. ಅವರ ನೆಲ ಹೋದದ್ದು ಕಾಗದದ ಮೇಲಿನ ಕಾನೂನಿನಿಂದ. ಬ್ರಿಟಿಷರ ಕಾಲದಲ್ಲಿ ಬೆಟ್ಟದ ಮೇಲೆ ಕಾಫಿ ತೋಟಗಳು ಬಂದವು. 1974ರಲ್ಲಿ ಕಾಡು ವನ್ಯಜೀವಿ ಧಾಮವಾಯಿತು. ಒಳಗಿದ್ದ ಅನೇಕ ಪೋಡುಗಳನ್ನು ಎಬ್ಬಿಸಿದರು. ರಾಗಿ ಬೆಳೆಯುತ್ತಿದ್ದ ಕೊತ್ತುಕಾಡು ಬೇಸಾಯವೂ ನಿಂತುಹೋಯಿತು.

ಕೊನೆಗೆ 2006ರ ಅರಣ್ಯ ಹಕ್ಕು ಕಾಯಿದೆಯಂತೆ, 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಹಕ್ಕುಪತ್ರ ಸಿಕ್ಕಿತು. ಕಾಡಿನ ಜೇನು, ನೆಲ್ಲಿಕಾಯಿ ತರುವುದು ಈಗ ಅವರ ಹಕ್ಕು.

ಹುಲಿ ಉಳಿಯಬೇಕು, ಕಾಡೂ ಉಳಿಯಬೇಕು, ನಿಜ. ಆದರೆ ಯಾವುದೇ ನೆಲವನ್ನು ಖಾಲಿ ಅನ್ನುವ ಮೊದಲು, ಅಲ್ಲಿರುವ ಮರಕ್ಕೆ, ಹಳ್ಳಕ್ಕೆ, ಬಂಡೆಗೆ ಹೆಸರಿಟ್ಟವರು ಯಾರು ಅಂತ ನಾವು ಕೇಳಬೇಕು. ಅಲ್ಲವೇ?