ಹೊಸ ನಳಿಗೆ ಪಳಗುವ ಬಗೆ

ಅಮೆರಿಕದ ಜಿಂಕೆ ಬೇಟೆಗಾರರಿಗೆ ಲಿವರ್ ಆ್ಯಕ್ಷನ್ ರೈಫಲ್ ಎಂದರೆ ಮನೆಮಾತು. ಕುದುರೆಯನ್ನು (ಟ್ರಿಗರ್) ಸುತ್ತುವರಿದ ಲಿವರನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ, ಮೇಲಕ್ಕೆ ಎಳೆದರೆ ನಳಿಗೆಯ ಕೆಳಗಿನ ಕೊಳವೆಯಿಂದ ಬಂದ ಹೊಸ ತೋಟಾ ಒಳಗೆ ಕೂರುತ್ತದೆ. ಜಾನ್ ಮೋಸೆಸ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಮಾದರಿಯೊಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. 1948ರಲ್ಲಿ ಬಂದ ಮಾರ್ಲಿನ್ 336 ಇವತ್ತಿಗೂ ಹೊಸದಾಗಿ ಸಿಗುತ್ತದೆ.

ಇಂಥ ಕೋವಿ ಮನೆಗೆ ಬಂದ ಮೇಲೆ ಅನೇಕರು ಮೊದಲು ಮಾಡುವ ಕೆಲಸ ನಳಿಗೆಯನ್ನು ಪಳಗಿಸುವುದು. ಅಲ್ಲಿ ಅದಕ್ಕೆ ‘ಬ್ರೇಕ್ ಇನ್’ ಎನ್ನುತ್ತಾರೆ. ನಳಿಗೆಗೆ ಸುರುಳಿ ಗೀರು ಹಾಕಿಯಾದ ಮೇಲೆ ತೋಟಾ ಕೂರುವ ಜಾಗವನ್ನು ತಿರುಗುವ ಇನ್ನೊಂದು ಉಪಕರಣದಿಂದ ಕೊರೆಯುತ್ತಾರೆ. ಅದು ಬಿಟ್ಟುಹೋಗುವ ಸೂಕ್ಷ್ಮ ಗೆರೆಗಳು ಗುಂಡಿನ ದಾರಿಗೆ ಅಡ್ಡವಾಗಿರುತ್ತವೆ. ಅವುಗಳ ಮೇಲೆ ಹಾದುಹೋಗುವ ಗುಂಡಿನ ತಾಮ್ರದ ಹೊದಿಕೆ ಕೆರೆದು ನಳಿಗೆಗೆ ಅಂಟಿಕೊಳ್ಳುತ್ತದೆ. ಪ್ರತಿ ಈಡಿನ ನಂತರ ತಾಮ್ರ ತೆಗೆದರೆ ಮುಂದಿನ ಗುಂಡು ಉಕ್ಕನ್ನೇ ಉಜ್ಜಿ ನಯಮಾಡುತ್ತದೆ, ಬಿಟ್ಟರೆ ತಾಮ್ರದ ಮೇಲೆ ತಾಮ್ರ ಕೂರುತ್ತದೆ. ವಿಸ್ಕಾನ್ಸಿನ್‌ನ ಕ್ರೀಗರ್ ನಳಿಗೆ ತಯಾರಕರು ಕೊಡುವ ವಿವರಣೆ ಇದು. ಒಪ್ಪದ ಅನುಭವಿಗಳೂ ಇದ್ದಾರೆ. ಹೊಡೆಯುತ್ತ ಹೊಡೆಯುತ್ತ ನಳಿಗೆ ತಾನಾಗಿ ನಯವಾಗುತ್ತದೆ, ಅತಿಯಾಗಿ ಉಜ್ಜಿದರೇ ಕೇಡು ಎನ್ನುತ್ತಾರೆ ಅವರು.

ಲಿವರ್ ಕೋವಿಯ ಮಟ್ಟಿಗೆ ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಬೋಲ್ಟ್ ರೈಫಲಿನಲ್ಲಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆದು ತೆಗೆದರೆ ಶುಚಿ ಮಾಡುವ ಸರಳು ಹಿಂಬದಿಯಿಂದ ನೇರ ಹೋಗುತ್ತದೆ. ವಿಂಚೆಸ್ಟರ್ 1894 ಮಾದರಿಯಲ್ಲಿ ಆ ಸುಲಭದ ದಾರಿ ಇಲ್ಲ, ಸರಳನ್ನು ನಳಿಗೆಯ ಬಾಯಿಯಿಂದಲೇ ತೂರಿಸಬೇಕು. ‘ಕ್ರೌನ್’ ಎಂದು ಕರೆಯುವ ಆ ಬಾಯಂಚು, ಗುಂಡು ಕೋವಿಯನ್ನು ಕೊನೆಯದಾಗಿ ಮುಟ್ಟುವ ಜಾಗ. ಸರಳು ಉಜ್ಜಿ ಉಜ್ಜಿ ಅಂಚು ಒಂದು ಬದಿ ಸವೆದರೆ ಹಿಂದಿನಿಂದ ನುಗ್ಗುವ ಅನಿಲ ಆ ಕಡೆಯಿಂದ ಮೊದಲು ಹೊರಬಿದ್ದು ಗುಂಡನ್ನು ಪಕ್ಕಕ್ಕೆ ನೂಕುತ್ತದೆ. ಅದಕ್ಕೇ ಸರಳು ನಟ್ಟನಡುವೆ ಓಡುವಂತೆ ಬಾಯಿಗೆ ಹಿತ್ತಾಳೆಯ ಪುಟ್ಟ ಬಿರಡೆ ಸಿಕ್ಕಿಸಿಕೊಳ್ಳುವುದು. ಮಾರ್ಲಿನ್ ಈ ವಿಷಯದಲ್ಲಿ ಉದಾರಿ. ಲಿವರನ್ನು ಅರ್ಧ ತೆರೆದು ಒಂದೇ ಸ್ಕ್ರೂ ಬಿಚ್ಚಿದರೆ ಲಿವರ್ ಕೈಗೆ ಬರುತ್ತದೆ, ಬೋಲ್ಟ್ ಹಿಂದಕ್ಕೆ ಜಾರುತ್ತದೆ. ಖಾಲಿ ತೋಟಾ ಚಿಮ್ಮಿಸುವ ಒಳಗಿನ ಎಜೆಕ್ಟರ್ ಉದುರದಂತೆ ಬೆರಳು ಕೊಟ್ಟರಾಯಿತು.

ಕೆಲಸಕ್ಕೆ ಕೈಹಾಕುವ ಮುನ್ನ ನಳಿಗೆಯನ್ನೂ ಕೊಳವೆಯನ್ನೂ ಬೇರೆ ಬೇರೆಯಾಗಿ ನೋಡಿ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು, ಕೊಳವೆಯಲ್ಲಿ ಉಳಿದ ತೋಟಾ ಹೊರಗೆ ಕಾಣುವುದಿಲ್ಲ. ಕಾರ್ಖಾನೆಯ ಎಣ್ಣೆ ಒರೆಸಿ ತೆಗೆದು, ಒಂದು ಈಡು ಹೊಡೆದು, ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಚೂರನ್ನು ಒಳಗೆ ಹಾಯಿಸುತ್ತಾರೆ. ಹೊರಬಂದ ಬಟ್ಟೆಯ ಮೇಲೆ ನೀಲಿ ಕಂಡರೆ ತಾಮ್ರ ಕರಗುತ್ತಿದೆ ಎಂದರ್ಥ. ಆದರೆ ಸರಳಿನ ತುದಿ ಹಿತ್ತಾಳೆಯದಾಗಿದ್ದರೆ, ಬ್ರಷ್ ಕಂಚಿನದಾಗಿದ್ದರೆ ಅವೂ ನೀಲಿ ಬಿಡುತ್ತವೆ. ನಳಿಗೆ ಶುದ್ಧವಾಗಿದ್ದರೂ ಇಲ್ಲವೆಂದು ತಿಳಿದು ಉಜ್ಜುತ್ತಲೇ ಇರುವುದು ಇಲ್ಲಿಯೇ. ನೈಲಾನ್ ಬ್ರಷ್ ಬಳಸುವುದು ಜಾಣತನ. ಬಾಯಿಯಿಂದ ತೊಳೆಯುವವರು ಕೋವಿಯನ್ನು ಬಾಯಿ ತಗ್ಗಾಗಿ ಮಲಗಿಸಿ, ಯಂತ್ರಭಾಗದೊಳಗೆ ಒಂದು ಬಟ್ಟೆ ತುರುಕುತ್ತಾರೆ. ಇಲ್ಲದಿದ್ದರೆ ಕೊಳೆಯೆಲ್ಲ ಅಲ್ಲಿಗೆ ಇಳಿಯುತ್ತದೆ. ತೆಳ್ಳಗಿನ ನಳಿಗೆ ಬೇಗ ಕಾಯುವುದರಿಂದ, ಬರಿಗೈಲಿ ಹಿಡಿಯುವಷ್ಟು ಆರಿದ ಮೇಲೆಯೇ ಮುಂದಿನ ಈಡು.

ಮೊದಲ ಐದಾರು ಈಡಿಗೆ ಒಂದೊಂದಾದ ಮೇಲೂ, ಆಮೇಲೆ ಮೂರಕ್ಕೊಮ್ಮೆ ತೊಳೆದು ನೀಲಿ ತಗ್ಗಿತೆಂದರೆ ನಿಲ್ಲಿಸಬಹುದು. ಇವು ಹೆಚ್ಚಾಗಿ 100-150 ಗಜದೊಳಗೆ ಬಳಕೆಯಾಗುವ ಕಾಡಿನ ಕೋವಿಗಳು. ಸ್ಪರ್ಧೆಯ ರೈಫಲಿಗೆ ಮಾಡುವಷ್ಟು ಉಪಚಾರ ಇವಕ್ಕೆ ಬೇಡ, ಬಾಯಂಚು ಉಳಿಸಿಕೊಂಡರೆ ಅದೇ ದೊಡ್ಡದು. ಕೊನೆಗೆ ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಸವರಿಟ್ಟು, ಮುಂದಿನ ಸಲ ಹೊಡೆಯುವ ಮುಂಚೆ ಒಣಬಟ್ಟೆಯಲ್ಲಿ ಅದನ್ನು ಒರೆಸಿಬಿಡಬೇಕು.