ತೂತಿನ ಬಿಲ್ಲೆಯಿಂದ ಎಂಟು ಕಾಲಿನ ಚಿಪ್‌ವರೆಗೆ

ಬ್ಯಾಟರಿ ಸಿಕ್ಕಿಸಿದಾಗ ಸ್ಪೀಕರ್ ಒಮ್ಮೆ ‘ಟಕ್’ ಎಂದು ಸುಮ್ಮನಾಯಿತು. ಬ್ರೆಡ್‌ಬೋರ್ಡಿನ ಮೇಲೆ ಬೆರಳಾಡಿಸಿ ಹುಡುಕಿದೆ. 555 ಐಸಿಯ 2ನೇ ಮತ್ತು 6ನೇ ಕಾಲನ್ನು ಕೂಡಿಸುವ ತುಂಡು ತಂತಿಯನ್ನೇ ಹಾಕಿರಲಿಲ್ಲ. ಅದನ್ನು ಚುಚ್ಚಿದ್ದೇ ತಡ, ಕೋಣೆ ತುಂಬ ‘ಪೀಂ–ಪೋಂ, ಪೀಂ–ಪೋಂ’. ಕೊಂಡು ತಂದ ಯಾವ ಆಟಿಕೆಯ ಸದ್ದೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಸೈರನ್ ಹುಟ್ಟಿದ್ದು ಜನರನ್ನು ಎಚ್ಚರಿಸಲಿಕ್ಕಲ್ಲ, ಸದ್ದನ್ನು ಎಣಿಸಲಿಕ್ಕೆ. 1819ರಲ್ಲಿ ಫ್ರಾನ್ಸಿನ ಷಾರ್ಲ್ ಕಾನ್ಯಾರ್ ದ ಲಾ ತೂರ್ ಸುತ್ತಲೂ ತೂತು ಕೊರೆದ ಬಿಲ್ಲೆಯೊಂದನ್ನು ಗಾಳಿಯ ದಾರಿಗೆ ಅಡ್ಡಲಾಗಿ ತಿರುಗಿಸಿದ. ತೂತು ಎದುರು ಬಂದಾಗ ಗಾಳಿ ಹೊರಗೆ, ಬಿಲ್ಲೆಯ ಮೈ ಅಡ್ಡ ಬಂದಾಗ ಗಾಳಿಗೆ ತಡೆ. ಸೆಕೆಂಡಿಗೆ ಎಷ್ಟು ಸಲ ತೆರೆಯಿತು ಎಂದು ಲೆಕ್ಕ ಹಾಕಿದರೆ ಆ ಸ್ವರದ ಕಂಪನಾಂಕ ಸಿಕ್ಕಿತು. ನೀರಿನೊಳಗೂ ಇದು ಕೂಗುತ್ತಿತ್ತು. ಹಾಗಾಗಿ ಗ್ರೀಕ್ ಪುರಾಣದಲ್ಲಿ ಹಾಡಿ ನಾವಿಕರನ್ನು ಸೆಳೆಯುವ ಸೈರನ್‌ಗಳ ಹೆಸರನ್ನೇ ಇಟ್ಟ. ಗಿರಣಿ, ಅಗ್ನಿಶಾಮಕ ಠಾಣೆಗಳಿಗೆ ಸೈರನ್ ಹತ್ತಿದ್ದು ಆಮೇಲೆ.

ಬಿಲ್ಲೆ ಗಾಳಿಗೆ ಮಾಡಿದ ಕೆಲಸವನ್ನೇ ವಿದ್ಯುತ್ತಿಗೆ ಮಾಡುವ ಚಿಪ್ ಬರಲು ಒಂದೂವರೆ ಶತಮಾನ ಬೇಕಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಹಾನ್ಸ್ ಕಾಮೆನ್‌ಸಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ, ಕಂಪನಿಯ ನೌಕರನಾಗಿ ಅಲ್ಲ, ಗುತ್ತಿಗೆಯ ಮೇಲೆ ಒಬ್ಬನೇ ಕೂತು 555 ಟೈಮರನ್ನು ರೂಪಿಸಿದ. ಮೊದಲ ನಕ್ಷೆಗೆ ಒಂಬತ್ತು ಕಾಲು ಬೇಕಿತ್ತು. ಅದು ಪಾಸಾದ ಮೇಲೂ ಅವನ ತಲೆಯಿಂದ ಹೋಗಲಿಲ್ಲ. ಒಳಗಿನ ಒಂದು ಭಾಗದ ಬದಲು ಬರೀ ರೆಸಿಸ್ಟರ್ ಸಾಕು ಎಂದು ಹೊಳೆದು, ಕಾಲು ಎಂಟಕ್ಕೆ ಇಳಿಯಿತು. ಚಿಪ್ ಅಗ್ಗವಾಗಿ ಊರೂರು ತಲುಪಿದ್ದರಲ್ಲಿ ಈ ಒಂದು ಕಾಲಿನ ಉಳಿತಾಯದ ಪಾಲು ದೊಡ್ಡದು ಎಂದೇ ನನ್ನ ಎಣಿಕೆ. 1972ರಲ್ಲಿ ಅದು ಮಾರುಕಟ್ಟೆಗೆ ಬಂತು.

ಒಳಗೆ 5 ಕಿಲೋಓಮಿನ ಮೂರು ರೆಸಿಸ್ಟರುಗಳು ಬ್ಯಾಟರಿಯ ವೋಲ್ಟೇಜನ್ನು ಮೂರು ಪಾಲು ಮಾಡುತ್ತವೆ. ಹೊರಗಿನ ಕೆಪಾಸಿಟರ್ ಮೂರನೇ ಎರಡರಷ್ಟು ತುಂಬಿದ ಕೂಡಲೇ ಚಿಪ್ ಅದನ್ನು ಬರಿದು ಮಾಡತೊಡಗುತ್ತದೆ, ಮೂರನೇ ಒಂದಕ್ಕೆ ಇಳಿದರೆ ಮತ್ತೆ ತುಂಬಗೊಡುತ್ತದೆ. ತುಂಬು, ಬರಿದಾಗು, ತೆರೆ, ಮುಚ್ಚು.

ಸೈರನ್‌ಗೆ ಇಂಥ ಎರಡು ಚಿಪ್ ಸಾಕು. ಎರಡಕ್ಕೂ ಅದೇ 10 ಕಿಲೋಓಮ್, 68 ಕಿಲೋಓಮ್ ರೆಸಿಸ್ಟರುಗಳು. ಬೇರೆಯಾಗುವುದು ಕೆಪಾಸಿಟರ್ ಮಾತ್ರ. ಮೊದಲನೆಯದಕ್ಕೆ 10 ಮೈಕ್ರೋಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು ಒಂದು ಸುತ್ತು. ಎರಡನೆಯದಕ್ಕೆ ಅದರ ಸಾವಿರದ ಒಂದು ಪಾಲು, ಅಂದರೆ 0.01 ಮೈಕ್ರೋಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು ಸಾವಿರ ಸುತ್ತು. ಕಡಲೆಕಾಯಿ ಗಾತ್ರದ ಡಬ್ಬಿಯನ್ನು ಕಿತ್ತು ಬೇಳೆಯಷ್ಟು ಬಿಲ್ಲೆಯನ್ನು ಇಟ್ಟರೆ ಎಣಿಸಬಹುದಾದ ಬಡಿತ ಸ್ವರವಾಗಿಬಿಡುತ್ತದೆ. ನನಗೆ ಈ ಇಡೀ ಸರ್ಕೀಟಿನಲ್ಲಿ ತೀರಾ ಇಷ್ಟವಾದ ಜಾಗ ಇದು.

ಇನ್ನುಳಿದದ್ದು ಒಂದು ಜೋಡಣೆ. ಮೊದಲ ಚಿಪ್‌ನ 3ನೇ ಕಾಲಿನಿಂದ 10 ಕಿಲೋಓಮ್ ಮೂಲಕ ಎರಡನೆಯದರ 5ನೇ ಕಾಲಿಗೆ ಒಂದು ತಂತಿ. ಆ 5ನೇ ಕಾಲು ಮೂರನೇ ಎರಡರ ಗೆರೆಯನ್ನೇ ಮೇಲೆ ಕೆಳಗೆ ಸರಿಸುತ್ತದೆ. ಗೆರೆ ಏರಿದರೆ ತುಂಬಲು ಹೊತ್ತು ಹಿಡಿದು ದನಿ ತಗ್ಗುತ್ತದೆ. ಇಳಿದರೆ ದನಿ ಏರುತ್ತದೆ. ಅರ್ಧ ಸೆಕೆಂಡಿಗೊಮ್ಮೆ ಸ್ವರ ಬದಲಾಗಿ ‘ಪೀಂ–ಪೋಂ’ ಕೇಳುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೈರನ್ ಐಸಿ ಕೇಳುವವರಿಗೆ ಯುಎಂ3561 ಗೊತ್ತು. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್, ಮೆಷಿನ್‌ಗನ್ ನಾಲ್ಕೂ ಸದ್ದು ಅದರೊಳಗೇ ಇವೆ, ಹೊರಗೆ ಒಂದೆರಡು ಬಿಡಿಭಾಗ ಸಾಕು. ಆದರೂ ಮಕ್ಕಳ ಕೈಗೆ ನಾನು ಮೊದಲು ಕೊಡುವುದು ಎರಡು 555ಗಳನ್ನೇ. ದನಿ ಯಾಕೆ ಏರಿತು, ಯಾಕೆ ತಗ್ಗಿತು ಎಂಬುದು ಅಲ್ಲಿ ತಂತಿ ತಂತಿಯಲ್ಲೂ ಕಾಣುತ್ತದೆ.

‘ಪೀಂ–ಪೋಂ’ ಸಾಕೆನಿಸಿದಾಗ 3ನೇ ಕಾಲಿನ ತಂತಿ ಬಿಡಿಸಿ, ಮೊದಲ ಚಿಪ್‌ನ ಕೆಪಾಸಿಟರಿನ ವೋಲ್ಟೇಜನ್ನೇ ಒಂದು ಟ್ರಾನ್ಸಿಸ್ಟರ್ ಮೂಲಕ 5ನೇ ಕಾಲಿಗೆ ಕೊಡಿ. 10 ಮೈಕ್ರೋಫ್ಯಾರಡ್ ತೆಗೆದು 47 ಹಾಕಿ. ಈಗ ದನಿ ಜಿಗಿಯುವುದಿಲ್ಲ. ಸುಮಾರು ಐದು ಸೆಕೆಂಡಿಗೊಂದು ಸುತ್ತು ಮೆಲ್ಲಗೆ ಏರಿ, ಮೆಲ್ಲಗೆ ಜಾರುತ್ತದೆ, ತೂತಿನ ಬಿಲ್ಲೆ ವೇಗ ಹಿಡಿದು ಮತ್ತೆ ನಿಧಾನವಾದಂತೆ.