ಹವಾಯಿ ಗಿಟಾರಿನ ತಂತಿ

ಮಡಿಲಲ್ಲಿ ಮಲಗಿಸಿಕೊಂಡು, ಬೆರಳುದ್ದದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಹವಾಯಿ ಗಿಟಾರನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಲಿಕ್ಕಿಲ್ಲ, ಕೇಳಿಯಂತೂ ಇದ್ದೀರಿ. ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ ಹಾಡುವವರ ದನಿ ನಿಂತೊಡನೆ ಅದನ್ನೇ ಎತ್ತಿಕೊಂಡು ಎಳೆಯುವ ನಾದ ಅದರದೇ. ಗೋಟುವಾದ್ಯವನ್ನು ಕೇಳಿ ಬೆಳೆದವರಿಗೆ ಇದು ಹೊರಗಿನದೆನಿಸದು. ಅಲ್ಲಿಯೂ ಬೆರಳಿನಿಂದ ಮೆಟ್ಟಿಲನ್ನು ಒತ್ತುವ ಮಾತಿಲ್ಲ.

1889ರ ಸುಮಾರಿಗೆ ಹವಾಯಿಯ ಓಆಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ ಈ ಕ್ರಮವನ್ನು ಕಂಡುಹಿಡಿದನೆಂದು ಹೇಳುವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹವಾಯಿ ಸಂಗೀತದ ಟೌ ಮೋ ಸಂಸಾರಸಮೇತ ಕಲ್ಕತ್ತೆಯಲ್ಲಿದ್ದರು. ಅಲ್ಲಿ ಈ ವಾದ್ಯ ಬೇರೂರಿತು. ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಅವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಕಾಬ್ರಾ ನುಡಿಸಿದ 1967ರ ಧ್ವನಿಮುದ್ರಿಕೆ ಅನೇಕರ ಮನೆಯಲ್ಲಿ ಇದ್ದೀತು.

ನಮ್ಮ ಭಾವನವರೂ ಕಲ್ಕತ್ತೆಯಲ್ಲಿ ನೌಕರಿಯಲ್ಲಿದ್ದಾಗ ಒಂದು ಹವಾಯಿ ಗಿಟಾರನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಅಕ್ಕನೊಡನೆ ಮುಂಬಯಿಗೆ ಬಂದು, ಕಪಾಟಿನ ಮೇಲೆ ಹೊದಿಕೆಯೊಳಗೆ ಬಿದ್ದಿತ್ತು. ಕಳೆದ ವರ್ಷ ಅವಳ ಮಗ ಅದನ್ನು ಇಳಿಸಿ, ನಮ್ಮ ಸಂಘದ ರಾಜ್ಯೋತ್ಸವದಲ್ಲಿ ನುಡಿಸುವೆನೆಂದ. ಹೊಸ ತಂತಿ ಏರಿಸುವ ಕೆಲಸವನ್ನು, ಬಿ.ಎ. ಓದಿದವರೆಂಬ ಒಂದೇ ಅರ್ಹತೆಯಿಂದ, ನಾವು ವಹಿಸಿಕೊಂಡೆವು.

ಸ್ನೇಹಿತರೊಬ್ಬರ ವಿದ್ಯುತ್ ಗಿಟಾರಿನ ಶ್ರುತಿಕ್ರಮವನ್ನು ಚೀಟಿಯಲ್ಲಿ ಬರೆದುಕೊಂಡು ಬಂದೆವು. ‘ಸಿ ಆರು’ ಎಂದು ಅದರ ಹೆಸರು. ಎಲ್ಲಕ್ಕೂ ತೆಳುವಾದ ತಂತಿ ‘ಜಿ’ ಸ್ವರಕ್ಕೆ ಬರಬೇಕು. 12ನೆಯ ನಂಬರಿನ ತಂತಿ (ಎಂದರೆ ಅಂಗುಲದ ಸಾವಿರದಲ್ಲಿ 12 ಭಾಗ ದಪ್ಪದ್ದು) ಏರಿಸಿದೆವು. ಮರುದಿನ ಹರಿಯಿತು. ಇನ್ನೊಂದೂ ಹರಿಯಿತು. ಅಂಗಡಿಯವನು, “ದಪ್ಪದ್ದು ಹಾಕಿ ಸಾಹೇಬರೆ, ಗಟ್ಟಿಯಿರುತ್ತದೆ” ಎಂದ. ನಮಗೂ ಸರಿಯೆಂದೇ ತೋರಿತು. 14 ಹಾಕಿದೆವು. ಮೂರನೆಯ ದಿನ ಅದೂ ಹರಿದು ಹುಡುಗನ ಮುಂಗೈಗೆ ತಾಕಿತು. ಅಷ್ಟೇ ಅಲ್ಲ, ದಪ್ಪ ತಂತಿಗಳ ಎಳೆತಕ್ಕೆ ಕುದುರೆಯ ಹಿಂದಿನ ಹಲಗೆ ಉಬ್ಬಿ ಬಂದಿತ್ತು. ಅಕ್ಕ ಅದರ ಮೇಲೆ ಕೈಯಾಡಿಸಿ, “ಇಷ್ಟು ವರ್ಷ ಅದು ಹಾಗೇ ಇತ್ತಲ್ಲೋ” ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ನಾವು ಲೆಕ್ಕಕ್ಕೆ ಕೂತೆವು. ಮೊದಲೇ ಕೂರಬೇಕಿತ್ತು. ದಪ್ಪ ತಂತಿಗೆ ಬಲ ಹೆಚ್ಚು, ನಿಜ. ಆದರೆ ಭಾರವೂ ಹೆಚ್ಚು. ಅದೇ ಶ್ರುತಿಗೆ ಬರಬೇಕಾದರೆ ಅದನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಬಿಗಿಯಬೇಕು. ಒಂದು ಕೈಯಿಂದ ಬಂದ ಬಲ ಇನ್ನೊಂದು ಕೈಯಿಂದ ಹೋಗುತ್ತದೆ. ಸಾದಾ ಉಕ್ಕಿನ ತಂತಿ ತಾಳುವುದೋ ಹರಿಯುವುದೋ ಎಂಬುದನ್ನು ಬಹುಮಟ್ಟಿಗೆ ಎರಡೇ ಸಂಗತಿಗಳು ನಿರ್ಣಯಿಸುತ್ತವೆ: ಕತ್ತಿನ ತುದಿಯ ಪಟ್ಟಿಯಿಂದ ಕುದುರೆಯವರೆಗೆ ಅದು ಮಿಡಿಯುವ ಉದ್ದ, ಮತ್ತು ಏರಿಸಿದ ಶ್ರುತಿ. ಸ್ನೇಹಿತರ ವಾದ್ಯದ ಉದ್ದ 22½ ಅಂಗುಲ, ಭಾವನವರದು 25½. ಅಲ್ಲಿ ಸುಖವಾಗಿದ್ದ ‘ಜಿ’ ಇಲ್ಲಿ ಪ್ರಾಣಕ್ಕೇ ಬಂದಿತ್ತು. 14ರ ತಂತಿ ಈ ಉದ್ದದಲ್ಲಿ ಆ ಸ್ವರಕ್ಕೆ ಬರಬೇಕಾದರೆ ಅದರೊಂದರ ಎಳೆತವೇ 45 ಪೌಂಡಿನಷ್ಟಾಗುತ್ತದೆ. ಹಲಗೆ ಉಬ್ಬದೆ ಏನು ಮಾಡೀತು!

ಉದ್ದ ಹೆಚ್ಚಿದಂತೆ ಬಿಗಿತ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 15ರ ತಂತಿಯನ್ನು ‘ಇ’ ಸ್ವರಕ್ಕೆ ತಂದರೆ 22½ ಅಂಗುಲದಲ್ಲಿ ಸುಮಾರು 28 ಪೌಂಡು, 25 ಅಂಗುಲದಲ್ಲಿ 35. ತಯಾರಕರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. 1932ರಲ್ಲಿ ಮಾರಾಟಕ್ಕೆ ಬಂದ ರಿಕನ್‌ಬ್ಯಾಕರ್ ಕಂಪನಿಯ ‘ಬಾಣಲೆ’ ಗಿಟಾರು (ಆಕಾರಕ್ಕೆ ತಕ್ಕ ಹೆಸರು) 22½ ಮತ್ತು 25 ಅಂಗುಲಗಳಲ್ಲಿ ಸಿಕ್ಕುತ್ತಿತ್ತು. ಫೆಂಡರ್ ಕಂಪನಿಯ ಸ್ಟ್ರಿಂಗ್‌ಮಾಸ್ಟರ್ 22½, 24½, 26 ಎಂದು ಮೂರು ಅಳತೆಗಳಲ್ಲಿ ಬಂದಿತು.

ಹಾಗಾದರೆ ಯಾವುದು ಮೇಲು? ಉದ್ದನೆಯದರಲ್ಲಿ ಮಂದ್ರದ ತಂತಿಗಳು ಸ್ಪಷ್ಟ, ನಾದವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಗಿಡ್ಡದ್ದರಲ್ಲಿ ಎತ್ತರದ ಶ್ರುತಿ ಸಲೀಸು. ಉಕ್ಕಿನ ತುಂಡನ್ನು ಓರೆಯಾಗಿ ಹಿಡಿದು ಎರಡು ಸ್ವರ ಕೂಡಿಸುವುದೂ ಸುಲಭ. ಗಿಡ್ಡದ್ದರಲ್ಲಿ ಅಪಸ್ವರ ಬೇಗ ಬರುತ್ತದೆಂದು ಹೆದರಿಸುವವರುಂಟು. ಅದು ಅಷ್ಟೇನೂ ದೊಡ್ಡದಲ್ಲ: ನಡುಮಧ್ಯದಲ್ಲಿ ಅಂಗುಲದ ಹದಿನಾರನೆಯ ಒಂದು ಭಾಗ ತಪ್ಪಿದರೆ ಎರಡರಲ್ಲಿಯೂ ಅರ್ಧಸ್ವರದ ಹತ್ತನೆಯ ಒಂದು ಪಾಲಿನ ಆಸುಪಾಸೇ ತಪ್ಪುವುದು. ಗಿಡ್ಡ ವಾದ್ಯದ ನಿಜವಾದ ತೊಂದರೆ ಸಡಿಲ ತಂತಿ. ಉಕ್ಕಿನ ಭಾರಕ್ಕೆ ಅದು ತಗ್ಗಿ ಸ್ವರ ಮೇಲೇರುತ್ತದೆ. ಆದುದರಿಂದ ಅಲ್ಲಿ ತಂತಿ ದಪ್ಪನಾಗಿರಬೇಕು: 25 ಅಂಗುಲದಲ್ಲಿ 36 ಹಾಕುವಲ್ಲಿ 22½ರಲ್ಲಿ 40 ಹಾಕಿದರೆ ಬಿಗಿತ ಸರಿಹೋಗುತ್ತದೆ. ಮೊದಲು ಉದ್ದ ಅಳೆಯಬೇಕು, ಅದು ತಾಳುವ ಶ್ರುತಿ ಗೊತ್ತುಮಾಡಬೇಕು; ದಪ್ಪದ ವಿಚಾರ ಕೊನೆಗೆ. ನಾವು ಮಾಡಿದ್ದು ಇದರ ತಲೆಕೆಳಗು.

ವಾದ್ಯ ರಿಪೇರಿ ಮಾಡುವ ವೃದ್ಧರೊಬ್ಬರು ಉಬ್ಬಿದ ಹಲಗೆಯ ಒಳಗಡೆ ಪಟ್ಟಿ ಅಂಟಿಸಿ, ಭಾರ ಹೇರಿ, ಹದಿನೈದು ದಿನ ಇಟ್ಟುಕೊಂಡರು. ಉಬ್ಬು ಪೂರ್ತಿ ಹೋಗಿಲ್ಲ. ಓರೆಯಾಗಿ ನೋಡಿದರೆ ಕಾಣುತ್ತದೆ. ಅದೇ ಶ್ರುತಿಕ್ರಮವನ್ನು ಮೂರು ಅರ್ಧಸ್ವರ, ಎಂದರೆ ಹಾರ್ಮೋನಿಯಮ್ಮಿನಲ್ಲಿ ಕಪ್ಪು ಬಿಳುಪು ಸೇರಿ ಮೂರು ಮನೆ, ಕೆಳಗಿಳಿಸಿದೆವು. ‘ಸಿ ಆರು’ ಹೋಗಿ ‘ಎ ಆರು’ ಆಯಿತು, ತೆಳು ತಂತಿ ‘ಇ’ಗೆ ಬಂದಿತು. 13 ಹಾಕಿದೆವು: ಸುಮಾರು 27 ಪೌಂಡು. ಈವರೆಗೆ ಹರಿದಿಲ್ಲ.

ರಾಜ್ಯೋತ್ಸವದ ದಿನ ಹುಡುಗ ಒಂದು ಭಾವಗೀತೆ ನುಡಿಸಿದ. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಡಿಗೆಮನೆಯಿಂದ ಅಕ್ಕ ಜೊತೆಗೂಡಿದ್ದುಂಟು. ಮೊದಲಿನ ಶ್ರುತಿ ಅವಳ ಕಂಠಕ್ಕೆ ಎತ್ತರವಾಗಿತ್ತಂತೆ, ನಮಗೆ ಹೇಳಿರಲಿಲ್ಲ.